ಕೈರುಚಿಯ ಸರದಿ

ನಾನು ಈ ಊರಿಗೆ ಬಂದಿಳಿದ ದಿನ ಬಸ್ ನಿಲ್ದಾಣದ ಎದುರು ಒಂದು ದೊಡ್ಡ ಬೋರ್ಡು ಕಂಡೆ. ‘ಈ ಊರಿನಲ್ಲಿ ಯಾರೂ —— ಎನ್ನಬಾರದು’ ಎಂದು ಬರೆದಿತ್ತು. ನಡುವಿನ ಜಾಗ ಖಾಲಿ. ಪೇಂಟರಿಗೆ ಬಣ್ಣ ಸಾಲದೆ ಬಂದಿರಬೇಕು ಎಂದುಕೊಂಡು ನನ್ನ ಪಾಡಿಗೆ ನಾನು ಚೀಲ ಹೊತ್ತು ನಡೆದೆ. ಕಾರಣ ತಿಳಿದದ್ದು ಆಮೇಲೆ: ಹೊಸಬರಿಗೆ ಎಚ್ಚರಿಕೆ ಹೇಳಬೇಕು, ಹೇಳಬೇಕಾದರೆ ಆ ಮಾತನ್ನೇ ಆಡಬೇಕು, ಆಡಿದರೆ ಅನಾಹುತ. ಹೀಗಾಗಿ ಊರಿನ ಹಿರಿಯರು ಆ ಜಾಗವನ್ನು ಖಾಲಿ ಬಿಟ್ಟು ಕೈತೊಳೆದುಕೊಂಡಿದ್ದರು.

ಯಾವ ಮಾತೆಂದು ನಿಮಗೆ ಗೊತ್ತು. ಎರಡೇ ಅಕ್ಷರ. ‘ಇದೆ’ ಎಂಬುದರ ಎದುರು ಮಾತು. ಅಕ್ಕಿ ಇದೆಯಾ ಎಂದು ಕೇಳಿದರೆ ನಿಮ್ಮೂರಿನ ಅಂಗಡಿಯವನು ಖಾಲಿ ಡಬ್ಬ ತೋರಿಸಿ ಏನನ್ನುತ್ತಾನೋ ಅದೇ. ಈ ಊರಲ್ಲಿ ಯಾವುದರ ಬಗ್ಗೆ ಆ ಮಾತು ಬಾಯಿಂದ ಬೀಳುತ್ತದೋ ಅದು ಆ ಗಳಿಗೆಯಲ್ಲೇ ಮಾಯವಾಗುತ್ತದೆ. ಬಾಯಲ್ಲಿ ಆಡದೆ ಬರೀ ಬರೆದರೆ ಏನೂ ಆಗದು ಎನ್ನುತ್ತಾರೆ. ಆದರೂ ನಾನು ಬರೆಯಲಾರೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ.

ಅದಕ್ಕೇ ಊರವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನುತ್ತಾರೆ. ಸೀಮೆಎಣ್ಣೆ ಮುಗಿದರೆ ‘ಎಣ್ಣೆ ಹೆಚ್ಚಿದೆ’. ಬಸ್ಸು ತುಂಬಿ ತುಳುಕುತ್ತಿದ್ದರೆ ಕಂಡಕ್ಟರು ‘ಜಾಗ ಹೆಚ್ಚಿದೆ, ಜಾಗ ಹೆಚ್ಚಿದೆ’ ಎಂದು ಕೂಗುತ್ತಾನೆ. ಪರವೂರಿನವರು ಅದನ್ನು ನಂಬಿ ಹತ್ತಿ, ಒಂಟಿಕಾಲಲ್ಲಿ ನಿಂತು ಪ್ರಯಾಣ ಮಾಡುತ್ತಾರೆ. ಹತ್ತಿರ ಕರೆಯುವಾಗಲೂ ‘ಇಲ್ಲಿ ಬಾ’ ಎನ್ನುವವರು ಕಡಿಮೆ, ‘ಈ ಕಡೆ ಬಾ’ ಎಂದೇ ರೂಢಿ. ಎಮ್ಮೆಯನ್ನು ‘ಇಲ್ಲಿ ಬಾ’ ಎಂದು ಕರೆಯುವಾಗ ಕೆಮ್ಮು ಬಂದು ಕೊನೆಯ ಇಕಾರ ನುಂಗಿದ ಒಬ್ಬಾತ ಇವತ್ತಿಗೂ ಹಾಲನ್ನು ಕೊಂಡು ಕುಡಿಯುತ್ತಿದ್ದಾನೆ. ಹಾಗಾದರೆ ಹೇನಿಗೋ ಸೊಳ್ಳೆಗೋ ಆ ಮಾತು ಹೇಳಿದರಾಯಿತಲ್ಲ ಎಂದು ನೀವು ಕೇಳಬಹುದು. ಹೇಳಿ ನೋಡಿದ್ದಾರೆ. ಆ ಮಾತಿಗೆ ಅಳತೆ ತಿಳಿಯದು. ಹೇನಿಗೆ ಹೇಳಿದವಳ ತಲೆಯಿಂದ ಹೇನೂ ಹೋಯಿತು, ಕೂದಲೂ ಹೋಯಿತು.

ನನ್ನ ಹೆಸರು ದತ್ತಾತ್ರಿ. ಹನ್ನೊಂದು ವರ್ಷದ ಹಿಂದೆ ಈ ಊರಿನ ಇರವಿನ ಕಚೇರಿಗೆ ಗುಮಾಸ್ತನಾಗಿ ಬಂದೆ. ರಾತ್ರಿಯೆಲ್ಲ ಬಸ್ಸಿನ ಕಿಟಕಿಯ ಪಕ್ಕ ಕೂತು ನೆಗಡಿ ಹಿಡಿದಿತ್ತು, ಮೂಗು ಗಾರೆ ಹಾಕಿದಂತೆ ಕಟ್ಟಿತ್ತು. ಹೊಟ್ಟೆ ಮಾತ್ರ ಚುರುಗುಡುತ್ತಿತ್ತು. ಕಂಡಕ್ಟರು ವಾರಿಜಳ ಮೆಸ್ಸು ತೋರಿಸಿದ. ಆಕೆ ಒಬ್ಬಳೇ ನಿಂತು ನಡೆಸುತ್ತಿದ್ದ ಮೆಸ್ಸು, ಇಪ್ಪತ್ತು ಎಲೆ ಹಾಕುವಷ್ಟು ಜಾಗ. ಅವಳ ಸಾರಿನ ಘಮಕ್ಕೆ ಬಸ್ಸುಗಳು ಎರಡು ನಿಮಿಷ ತಡವಾಗಿ ಹೊರಡುತ್ತಿದ್ದವಂತೆ. ನನಗೇನು ಗೊತ್ತು? ನಾನು ಗೋಡೆ ಪಕ್ಕದ ಮೂಲೆಯಲ್ಲಿ ಕೂತು ಎರಡು ತುತ್ತು ಉಂಡೆ. ಕಟ್ಟಿದ ಮೂಗಿಗೆ ಯಾವ ಸಾರಾದರೇನು, ಬಿಸಿನೀರಿನಂತಿತ್ತು. ಯಜಮಾನಿಕೆಯ ಗತ್ತಿನಲ್ಲಿ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: ‘ಸಾರಿಗೆ ರುಚಿ ——.’

ಇಪ್ಪತ್ತು ಎಲೆಗಳ ಮುಂದೆ ಇಪ್ಪತ್ತು ಕೈಗಳು ಬಾಯಿಯ ಹತ್ತಿರವೇ ನಿಂತವು. ವಾರಿಜ ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದಳು. ಆಮೇಲೆ ಪಲ್ಯ ನೋಡಿದಳು. ಆಮೇಲೆ ಮಜ್ಜಿಗೆ. ಕೊನೆಗೆ ನನ್ನ ಕಡೆ ತಿರುಗಿ, ‘ಯಾವೂರಾಯ್ತು ನಿಮ್ದು?’ ಎಂದಳು, ಅಷ್ಟೇ.

ಅಳತೆ ತಿಳಿಯದ ಮಾತು ಎಂದೆನಲ್ಲ. ಅವತ್ತಿನ ಸಾರಿನ ರುಚಿ ಮಾತ್ರ ಹೋಗಿದ್ದರೆ ಸರಿ, ಅವಳ ಕೈರುಚಿಯೇ ಹೋಗಿತ್ತು. ಅದೇ ಉಪ್ಪು, ಅದೇ ಹುಣಸೆ, ಅದೇ ಇಂಗಿನ ಒಗ್ಗರಣೆ. ಬಾಯಿಗಿಟ್ಟರೆ ನೆನೆದ ಕಾಗದ. ಗಿರಾಕಿಗಳು ಒಬ್ಬೊಬ್ಬರೇ ‘ಹೊಟ್ಟೆ ತುಂಬಿದೆ’ ಎಂದು ಮರ್ಯಾದೆಯಿಂದ ಹೇಳಿ ಬೇರೆ ಕಡೆ ಹೋದರು. ನಾನೊಬ್ಬ ಉಳಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ. ನಾನು ಮಾಡಿದ್ದನ್ನು ನಾನೇ ದಿನಕ್ಕೆ ಎರಡು ಹೊತ್ತಿನಂತೆ ಹನ್ನೊಂದು ವರ್ಷ ಉಂಡೆ. ವಾರಿಜ ಹಗಲೆಲ್ಲ ಮುತ್ತುಗದ ಎಲೆ ಹಚ್ಚಿ ಮಾರಿ ಜೀವನ ಸಾಗಿಸಿದಳು. ಆದರೂ ಹೊತ್ತಿಗೆ ಸರಿಯಾಗಿ ನನಗೊಂದು ಎಲೆ ಹಾಕುತ್ತಿದ್ದಳು. ‘ಬನ್ನಿ, ಕಾಗದ ಬೆಂದಿದೆ’ ಎಂದು ಕರೆಯುತ್ತಿದ್ದಳು. ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ನಗುತ್ತಿದ್ದಳು, ನನಗೆ ಅದೇ ಕಷ್ಟ.

ಮಾಯವಾದದ್ದು ಮರಳಿ ಬರಲು ದಾರಿ ಇದೆ, ಆ ದಾರಿಯೇ ನಮ್ಮ ಕಚೇರಿ. ಏನು ಹೋದರೂ ಜನ ಬಂದು ಬರೆಸುತ್ತಾರೆ. ಕಚೇರಿಯ ಕಂಪ್ಯೂಟರು ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಪಟ್ಟಿಯ ಒಂದು ಸಾಲನ್ನು ಮೈಕಿನಲ್ಲಿ ಓದಿ, ಕೊನೆಗೆ ‘ಇದೆ’ ಎನ್ನುತ್ತದೆ. ವಸ್ತು ಮರಳಿ ಬರುತ್ತದೆ. ದಿನಕ್ಕೆ ಒಂದೇ. ನಾನು ಬಂದಾಗಲೇ ಸರದಿ ಹನ್ನೊಂದು ವರ್ಷ ಉದ್ದವಾಗಿತ್ತು. ನನ್ನ ಕೆಲಸದ ಮೊದಲ ನಮೂದನ್ನು ನಾನೇ ಹಾಕಿದೆ: ಸಾಲು ನಾಲ್ಕು ಸಾವಿರದ ಹದಿನೇಳು, ವಾರಿಜಳ ಕೈರುಚಿ. ನಕಲು ಪ್ರತಿಯಿಂದ ಓದಿದರೆ ನಕಲೇ ಬರುತ್ತದೆ. ಒಮ್ಮೆ ಜೆರಾಕ್ಸ್ ಹಾಳೆಯಿಂದ ಓದಿಸಿ ತಂದ ಮೇಕೆ ಕಪ್ಪುಬಿಳುಪಾಗಿ, ಅಂಚು ಮಸುಕಾಗಿ ಬಂದು, ಇಂದಿಗೂ ಗೋಡೆಗೆ ಒರಗಿಕೊಂಡೇ ನಿಂತಿರುತ್ತದೆ. ಒಂದು ಬೆಳಗಿನ ಓದು ತಪ್ಪಿದರೆ ಆ ಸಾಲು ಪಟ್ಟಿಯ ಕೊನೆಗೆ ಜಾರುತ್ತದೆ. ಅಂದರೆ ಮತ್ತೆ ಹನ್ನೊಂದು ವರ್ಷ.

ಕೈರುಚಿಯ ಸರದಿ ಬರುವ ಗುರುವಾರ ಎನ್ನುವಾಗ, ಸೋಮವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಳದಿ ಚೌಕ ಮೂಡಿತು. ನಾನು ತುಟಿ ಬಿಗಿದು ಓದಿ, ಗಾಬರಿಯಿಂದ ಅಂಗೈ ಅಡ್ಡ ಹಿಡಿದೆ. ತಡವಾಗಿತ್ತು. ಕಚೇರಿಯ ಅಧ್ಯಕ್ಷರಾದ ಕರಿಬಸಪ್ಪನವರು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಊರಿನ ಸದಸ್ಯರು ಕೈಯೆತ್ತಿ ಆರಿಸಿದ ದೊಡ್ಡ ಮನುಷ್ಯರು, ಒಳ್ಳೆಯವರೇ. ಆದರೆ ಬಾಯಿ ಮುಚ್ಚಿ ಓದಲು ಬಾರದು. ಸೋಪಿನ ಪೊಟ್ಟಣವನ್ನೂ ರಾಗವಾಗಿ ಓದುವವರು. ‘ಈ ಲಿನಕ್ಸ್ ಆವೃತ್ತಿಗೆ ಇನ್ನು ಮುಂದೆ ಬೆಂಬಲ ——’ ಎಂದು ಗಟ್ಟಿಯಾಗಿ ಓದಿ ಮುಗಿಸಿಯೇ ಬಿಟ್ಟರು.

ಅವರು ಒರಗಿದ್ದ ಕುರ್ಚಿಯ ಬೆನ್ನು ಮಾಯವಾಗಿ ಅಧ್ಯಕ್ಷರು ಹಿಂದಕ್ಕೆ ಉರುಳಿದರು. ಗೋಡೆಯ ಹಲಗೆ ಹೊತ್ತಿದ್ದ ಕಬ್ಬಿಣದ ಆಸರೆಗಳು ಹೋಗಿ ಫೈಲುಗಳು ದಬದಬ ಬಿದ್ದವು. ಬೀದಿಯಲ್ಲಿ ಮುದುಕರ ಊರುಗೋಲು ಹೋಯಿತು, ಹಿತ್ತಲುಗಳಲ್ಲಿ ಟೊಮೆಟೊ ಗಿಡಕ್ಕೆ ಕೊಟ್ಟ ಕಡ್ಡಿ ಹೋಯಿತು, ಬಾಳೆಗೊನೆಗೆ ಕೊಟ್ಟ ಕೋಲು ಹೋಯಿತು. ಸಂಜೆಯ ಹೊತ್ತಿಗೆ ಅಧ್ಯಕ್ಷರಿಗಿದ್ದ ಒಂಬತ್ತು ಸದಸ್ಯರ ಬೆಂಬಲವೂ ಹೋಗಿ, ಅವರೆಲ್ಲ ಬೇರೆ ಕಡೆ ಕೂತು ಚಹಾ ಕುಡಿಯುತ್ತಿದ್ದರು. ಕಂಪ್ಯೂಟರಿಗಂತೂ ಹಿಂದೆ ಮುಂದೆ ನೋಡಿಕೊಳ್ಳುವವರೇ ಹೆಚ್ಚಿದ್ದರು, ನಮ್ಮೂರಿನ ಅರ್ಥದಲ್ಲಿ.

ಮಂಗಳವಾರ ಬೆಳಿಗ್ಗೆ ಯಂತ್ರ ತೊದಲಿತು. ‘ಪುಟ್ಟತಾಯಿಯ ಕೊಡೆ ಇ... ಇ...’ ಎಂದು ಏದುಸಿರು ಬಿಟ್ಟು ನಿಂತಿತು. ಪುಟ್ಟತಾಯಿಯ ಮನೆ ಜಗುಲಿಗೆ ಕೊಡೆಯ ಕಡ್ಡಿಗಳಷ್ಟೇ ಬಂದವು, ಬಟ್ಟೆ ಎಲ್ಲೋ ದಾರಿಯಲ್ಲೇ ಉಳಿಯಿತು. ಗುರುವಾರವೂ ಹೀಗೇ ಆದರೆ? ಅರ್ಧ ಕೈರುಚಿ ಬಂದರೆ? ಬರೀ ಎಡಗೈಗೆ ಬಂದರೆ?

ಇಮಾಂಬಿಯನ್ನು ಕರೆಸಿದೆ. ಊರಿನ ಮಿಕ್ಸಿ, ಮೋಟರು, ರೇಡಿಯೋ ಎಲ್ಲ ರಿಪೇರಿ ಮಾಡುವವಳು ಅವಳೇ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾಳೆ, ಯಂತ್ರಗಳ ಜೊತೆ ಮಾತಾಡಿ ಮಾತಾಡಿ ಮನುಷ್ಯರ ಮಾತಿಗೆ ಅಷ್ಟು ಬೆಲೆ ಕೊಡಳು. ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಏನೇನೋ ಒತ್ತಿ ನೋಡಿ ಹೇಳಿದಳು: ‘ಪೆಟ್ಟಿಗೆ ಗಟ್ಟಿಯಾಗೇ ಇದೆ ಗುಮಾಸ್ತ್ರೇ. ಒಳಗಿದ್ದು ಅದನ್ನ ನಡೆಸೋ ಲಿನಕ್ಸ್ ಹಳೇದಾಗಿದೆ. ಅದನ್ನ ಮಾಡಿದೋರು ಈಗ ಹೊಸದನ್ನ ಸಾಕ್ತಾವ್ರೆ, ಹಳೇದನ್ನ ಕೈಬಿಟ್ಟವ್ರೆ. ಹೊಸದಕ್ಕೆ ಏರಿಸ್ಬೇಕು. ಒಂದೇ ಸಲಕ್ಕೆ ಹಾರೋಕಾಗ್ದು. ಹದಿನಾಲ್ಕನೇ ಆವೃತ್ತಿಯಿಂದ ಹದಿನಾರು, ಅಲ್ಲಿಂದ ಹದಿನೆಂಟು, ಅಲ್ಲಿಂದ ಇಪ್ಪತ್ತು. ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.’

‘ಪಟ್ಟಿಗೆ ಏನೂ ಆಗಬಾರದು,’ ಎಂದೆ.

‘ಪಟ್ಟೀನ ಎಲ್ಲಿಟ್ಟವ್ರೆ ನೋಡಿ! ಮನೆ ಸಾಮಾನಿನ ಜೊತೆ ಇಡೋದು ಬಿಟ್ಟು ಮನೆ ಗೋಡೆ ಒಳಗೇ ಇಟ್ಟು ಗಾರೆ ಮಾಡವ್ರೆ. ಗೋಡೆ ಬದಲಾಯಿಸುವಾಗ ಹುಷಾರಾಗಿರ್ಬೇಕು ಅಷ್ಟೇ.’

ಬುಧವಾರ ಬೆಳಗಿನ ಓದು ಮುಗಿದ ಕೂಡಲೇ ಶುರು ಮಾಡಿದೆವು. ಮೊದಲ ಎರಡು ಮೆಟ್ಟಿಲು ಮದುವೆ ಮನೆಯಂತೆ ಸಾಗಿದವು. ಯಂತ್ರ ‘ಮುಂದುವರಿಯಲೇ?’ ಎನ್ನುತ್ತಿತ್ತು, ನಾವು ‘ಹೌದು’ ಒತ್ತುತ್ತಿದ್ದೆವು. ‘ಇಷ್ಟು ದೊಡ್ಡ ಕಡತ ಇಳಿಸಲೇ?’ ‘ಹೌದು.’ ‘ಬಳಕೆ ತಪ್ಪಿದ್ದನ್ನು ತೆಗೆಯಲೇ?’ ‘ಹೌದು.’ ಕರಿಬಸಪ್ಪನವರು ಬೆನ್ನು ಹೋದ ಕುರ್ಚಿಯಲ್ಲಿ ಬಾಗಿ ಕೂತು, ‘ನಮ್ಮೂರಿಗೆ ಹೇಳಿ ಮಾಡಿಸಿದ ಕೆಲಸ ಇದು’ ಎಂದರು. ಅವರ ಬಾಯಿಗೆ ನಾವು ಅಡಿಕೆ ತುಂಬಿಸಿದ್ದೆವು, ಓದದಿರಲಿ ಎಂದು.

ಮಧ್ಯಾಹ್ನ ವಾರಿಜ ಬುತ್ತಿ ತಂದಳು. ಇಮಾಂಬಿ ಒಂದು ತುತ್ತು ಬಾಯಿಗಿಟ್ಟು, ಮುಖದಲ್ಲಿ ಏನನ್ನೂ ತೋರಗೊಡದೆ, ‘ಹೊಟ್ಟೆ ತುಂಬಿದೆ ಕಣಕ್ಕ’ ಎಂದಳು. ನಾನು ಪೂರ್ತಿ ಉಂಡೆ. ವಾರಿಜ ಪರದೆಯ ಮೇಲೆ ಓಡುತ್ತಿದ್ದ ಅಕ್ಷರಗಳನ್ನು ನೋಡುತ್ತ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

‘ಆಗದಿದ್ರೆ ಬಿಡಿ ಗುಮಾಸ್ತ್ರೇ,’ ಎಂದಳು ಮೆಲ್ಲಗೆ. ‘ನೀವೊಬ್ರು ಉಣ್ತೀರಲ್ಲ, ಸಾಕು.’

ಆಗ ಮೂರನೆಯ ಮೆಟ್ಟಿಲಿನ ನಡುವೆ ಯಂತ್ರ ಗಕ್ಕನೆ ನಿಂತು ಒಂದು ಪ್ರಶ್ನೆ ಕೇಳಿತು. ‘ನಿಮ್ಮ ಪಟ್ಟಿಯನ್ನು ನೀವು ತಿದ್ದಿದ್ದೀರಿ. ಹೊಸ ಆವೃತ್ತಿಯ ಜೊತೆ ಹೊಸ ಖಾಲಿ ಪಟ್ಟಿ ಬಂದಿದೆ. ನಿಮ್ಮದನ್ನು ತೆಗೆದು ಹೊಸದನ್ನು ಇಡಲೇ?’ ಕೆಳಗೆ ಎರಡೇ ದಾರಿ. ‘ಹೌದು’ ಎಂದರೆ ವೈ ಒತ್ತಬೇಕು. ಮತ್ತೊಂದಕ್ಕೆ ಎನ್ ಒತ್ತಬೇಕು.

ನಾವು ನಾಲ್ಕೂ ಜನ ಕೀಲಿಮಣೆಯನ್ನು ನೋಡಿದೆವು. ಆ ಎರಡಕ್ಷರದ ಮಾತಿಗೆ ಇಂಗ್ಲಿಷಿನಲ್ಲಿ ಎನ್ ಎಂಬುದೇ ಮೊದಲಕ್ಷರವೆಂದು ತಿಳಿದ ದಿನವೇ ಊರಿನ ಹಿರಿಯರು ಎಲ್ಲ ಕೀಲಿಮಣೆಗಳಿಂದ ಆ ಕೀಲಿಯನ್ನು ಕಿತ್ತು, ಬಾವಿಗೆ ಹಾಕಿ, ಕಿತ್ತ ಗುಳಿಗೆ ಅರಗು ಕಾಯಿಸಿ ಸುರಿದಿದ್ದರು. ಅದೇ ಕಾರಣಕ್ಕೆ ನಮ್ಮ ಕಚೇರಿಯ ಪತ್ರಗಳಲ್ಲಿ ‘ನ’ ಬರುವ ಕಡೆಯೆಲ್ಲ ಜಾಗ ಬಿಟ್ಟು, ಆಮೇಲೆ ಪೆನ್ನಿನಲ್ಲಿ ತುಂಬುತ್ತೇವೆ. ಇಮಾಂಬಿ ಅರಗಿನ ಮೇಲೆ ಸ್ಕ್ರೂಡ್ರೈವರ್ ಆಡಿಸಿ ನೋಡಿ ತಲೆಯಾಡಿಸಿದಳು. ಬಂಡೆಯಾಗಿತ್ತು.

‘ಏನೂ ಹೇಳದೆ ಎಂಟರ್ ಒತ್ತೋಣ,’ ಎಂದಳು ಇಮಾಂಬಿ. ‘ಕಂಸದೊಳಗೆ ನೋಡಿ, ಎರಡರಲ್ಲಿ ಒಂದಕ್ಷರ ದೊಡ್ಡದಾಗಿ ಬರೆದವ್ರೆ. ನಾವು ಬಾಯಿ ಬಿಡದೇ ಇದ್ರೆ ಅದು ಆ ದೊಡ್ಡಕ್ಷರದಂಗೆ ನಡೀತದೆ. ದೊಡ್ಡದಾಗಿರೋದು ಆ ಕಿತ್ತು ಹಾಕಿದ್ದೇ. ಅಂದ್ರೆ ಹಳೇ ಪಟ್ಟಿ ಉಳೀತದೆ.’

ಕರಿಬಸಪ್ಪನವರು ಅಡಿಕೆ ಉಗುಳಿ ಬಂದರು. ‘ಎಲ್ಲಾದರೂ ಉಂಟೇನಮ್ಮ? ಮೌನಂ ಸಮ್ಮತಿ ಲಕ್ಷಣಂ. ಹೆಣ್ಣು ನೋಡೋಕೆ ಹೋದಾಗ ಹುಡುಗಿ ಸುಮ್ಮನಿದ್ರೆ ಏನರ್ಥ? ಒಪ್ಪಿಗೆ ಅಂತ. ನಾವು ಸುಮ್ಮನಿದ್ರೆ ಅದು ಹೌದು ಅಂತಲೇ ತಿಳ್ಕೊಂಡು ಪಟ್ಟಿ ಒರೆಸಿ ಹಾಕುತ್ತೆ. ದೊಡ್ಡಕ್ಷರ ಹಾಕಿರೋದು ಎಚ್ಚರಿಕೆಗೆ.’

‘ಯಂತ್ರ ಹೆಣ್ಣು ನೋಡೋಕೆ ಬಂದಿರೋದಲ್ಲ ಸ್ವಾಮಿ.’

‘ನೀನು ಮಿಕ್ಸಿ ರಿಪೇರಿಯವಳು.’

‘ಮಿಕ್ಸಿನೂ ಸುಮ್ಮನಿದ್ರೆ ತಿರುಗಾಕಿಲ...’ ಎಂದವಳು ನಾಲಿಗೆ ಕಚ್ಚಿಕೊಂಡು ಬಾಯಿಗೆ ಸೆರಗು ತುರುಕಿದಳು. ನಾವೆಲ್ಲ ಕಿಟಕಿಯ ಹೊರಗೆ ನೋಡಿದೆವು. ಎದುರು ಮನೆಯ ಮಿಕ್ಸಿ ಒಮ್ಮೆ ಕೆಮ್ಮಿ, ಮತ್ತೆ ಚಟ್ನಿ ರುಬ್ಬತೊಡಗಿತು.

ಒತ್ತುವವರು ಯಾರು ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳುವ ಮೊದಲೇ ಮೂವರೂ ನನ್ನನ್ನು ನೋಡಿದರು. ನಾನು ಕೂತೆ. ಬೆರಳು ಎಂಟರ್ ಕೀಲಿಯ ಮೇಲೆ ಹೋಗಬೇಕಿತ್ತು. ವೈ ಕೀಲಿಯ ಮೇಲೆ ಹೋಗಿ ನಿಂತಿತು.

ನಿಜ ಹೇಳುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಆ ಗಳಿಗೆಯಲ್ಲಿ ನನಗೆ ಹಾಳು ಯೋಚನೆ ಬಂತು. ಕೈರುಚಿ ಬಂದರೆ ಅವಳ ಮೆಸ್ಸು ತುಂಬುತ್ತದೆ. ಇಪ್ಪತ್ತು ಎಲೆ, ನಲವತ್ತು ಗಿರಾಕಿ. ‘ನೀವೊಬ್ರು’ ಎಂದು ಅವಳು ಯಾರಿಗೂ ಹೇಳಬೇಕಾಗದು. ಪಟ್ಟಿ ಅಳಿಸಿಹೋದರೆ ಅವಳಿಗೆ ನಾನೊಬ್ಬನೇ, ನನಗೆ ಅವಳೊಬ್ಬಳೇ, ನಡುವೆ ನೆನೆದ ಕಾಗದದ ಸಾರು. ಹನ್ನೊಂದು ವರ್ಷದಲ್ಲಿ ಆ ಸಾರು ನನಗೆ ಎಷ್ಟು ಒಗ್ಗಿತ್ತೆಂದು ನನಗೆ ಆಗಲೇ ತಿಳಿದದ್ದು. ‘ಹೌದು’ ಎಂದು ಒತ್ತಿ, ಯಂತ್ರದ ತಪ್ಪು ಎಂದರೆ ಯಾರೂ ಬೈಯುವವರಲ್ಲ.

ವಾರಿಜ ಬುತ್ತಿಯ ಡಬ್ಬಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಹೊರಡುವ ಮುಂಚೆ ಸೌಟಿಗೆ ಅಂಟಿದ್ದ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ದಿನಾ ಹೀಗೆ ನೋಡುತ್ತಾಳೆ, ಅಕಸ್ಮಾತ್ತಾಗಿ ಮರಳಿದ್ದರೆ ಎಂದು. ನಾಲ್ಕು ಸಾವಿರ ಸಲ ನೋಡಿದ್ದಾಳೆ. ಏನೂ ಹತ್ತದೆ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು. ಹನ್ನೊಂದು ವರ್ಷದ ಹಿಂದೆ ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತಲ್ಲಿ ಮಾತಾಡಿದವನು ನಾನು. ಈಗಲಾದರೂ ಬಾಯಿ ಮುಚ್ಚಬೇಕು. ಬೆರಳನ್ನು ಎತ್ತಿ ಬಲಕ್ಕೆ ತಂದೆ, ಏನೂ ಹೇಳದೆ ಎಂಟರ್ ಒತ್ತಿದೆ.

ಪರದೆ ಕಪ್ಪಾಯಿತು. ಕರಿಬಸಪ್ಪನವರು ‘ನಾನು ಹೇಳಿದ್ದೆ’ ಎಂದರು. ಆಮೇಲೆ ಒಂದು ಸಾಲು ಮೂಡಿತು: ‘ನಿಮ್ಮ ಹಳೆಯ ಪಟ್ಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.’ ಇಮಾಂಬಿ ಕನ್ನಡಕ ತೆಗೆದು ಒರೆಸಿಕೊಂಡಳು. ‘ಸುಮ್ಮನಿರೋದಕ್ಕೆ ಬೆಲೆ ಕೊಡೋದು ಯಂತ್ರಗಳು ಮಾತ್ರ,’ ಎಂದಳು. ಸೂರ್ಯ ಮುಳುಗುವ ಹೊತ್ತಿಗೆ ಕೊನೆಯ ಮೆಟ್ಟಿಲೂ ಹತ್ತಿ ಆಯಿತು.

ಗುರುವಾರ ಬೆಳಿಗ್ಗೆ ಊರು ಊರೇ ಬೀದಿಯಲ್ಲಿತ್ತು. ಆವೃತ್ತಿಯ ಜೊತೆ ಯಂತ್ರದ ದನಿಯೂ ಬದಲಾಗಿತ್ತು. ಹಳೆಯ ಗೊಗ್ಗರು ಗಂಟಲು ಹೋಗಿ, ಈಗಷ್ಟೇ ಕೆಲಸಕ್ಕೆ ಸೇರಿದ ಟೀಚರಮ್ಮನಂಥ ದನಿ ಬಂದಿತ್ತು. ‘ಸಾಲು ನಾಲ್ಕು ಸಾವಿರದ ಹದಿನೇಳು. ವಾರಿಜಳ ಕೈರು ಚಿ.’ ತಪ್ಪಾದ ಕಡೆ ಬಿಡಿಸಿ ಓದಿತು. ಅದು ತಡೆದು, ಗಂಟಲು ಸರಿಮಾಡಿಕೊಂಡಂತೆ ಮಾಡಿ, ಮತ್ತೆ ಓದಿತು: ‘ಕೈರುಚಿ. ಇದೆ.’

ನನಗೆ ತಕ್ಷಣ ಮೆಸ್ಸಿಗೆ ಓಡಲು ಆಗದೇ ಹೋಯಿತು. ಸೋಮವಾರ ಊರುಗೋಲು, ಕಡ್ಡಿ, ಕೋಲು ಕಳೆದುಕೊಂಡವರೆಲ್ಲ ಬರೆಸಲು ಸಾಲುಗಟ್ಟಿ ನಿಂತಿದ್ದರು. ಮೊದಲನೆಯವರು ಕರಿಬಸಪ್ಪನವರು, ಒಂಬತ್ತು ಸದಸ್ಯರನ್ನು ಹೆಸರು ಹೆಸರಾಗಿ ಬರೆಸಿದರು. ಕೈ ಬಿಡುವಾಗಿ ಹೊರಟಾಗ ಎರಡು ಗಂಟೆ. ತಿರುವಿನಲ್ಲೇ ಘಮ ಬಂದು ತಗುಲಿತು. ಹನ್ನೊಂದು ವರ್ಷದ ಹಿಂದೆ ಕಟ್ಟಿದ ಮೂಗಿನಿಂದಾಗಿ ನಾನು ತಪ್ಪಿಸಿಕೊಂಡಿದ್ದ ಘಮ ಇದೇ ಎಂದು ಗೊತ್ತಾಗಿ, ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಹೊರಡಬೇಕಾದ ಬಸ್ಸೊಂದು ಹೊರಡದೆ ನಿಂತಿತ್ತು, ಕಂಡಕ್ಟರು ಮೆಸ್ಸಿನೊಳಗೆ ಉಣ್ಣುತ್ತಿದ್ದ. ಬಾಗಿಲಿನಿಂದ ಬೀದಿಯವರೆಗೆ ಜನ. ವಾರಿಜ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತು, ‘ಜಾಗ ಹೆಚ್ಚಿದೆ, ಜಾಗ ಹೆಚ್ಚಿದೆ’ ಎಂದು ಕೂಗುತ್ತಿದ್ದಳು.

ಆಯಿತು, ನಾನು ಎಣಿಸಿದಂತೆಯೇ ಆಯಿತು ಎಂದುಕೊಂಡು ಹಿಂದಕ್ಕೆ ತಿರುಗಿದೆ.

‘ಉಣ್ಣದೆ ಎಲ್ಲಿಗೆ ಗುಮಾಸ್ತ್ರೇ?’

‘ಜಾಗ ಹೆಚ್ಚಿದೆ ಅಂದ್ರಲ್ಲ.’

‘ಅದು ಅವ್ರಿಗೆ.’ ಅವಳು ಸೌಟಿನಿಂದ ಒಳಗೆ ತೋರಿಸಿದಳು. ಗೋಡೆ ಪಕ್ಕದ ಮೂಲೆಯಲ್ಲಿ ಒಂದು ಎಲೆ, ಎಲೆಯ ಮೇಲೆ ಬೋರಲು ಹಾಕಿದ ಲೋಟ. ಅಕ್ಕಪಕ್ಕದವರು ಮೊಣಕೈ ತಾಗಿಸಿಕೊಂಡು ಕೂತಿದ್ದರು, ಆ ಎಲೆಯನ್ನು ಯಾರೂ ಮುಟ್ಟದೆ ಬಿಟ್ಟಿದ್ದರು. ‘ನಿಮ್ದು ಇದೆ.’

ಕೂತೆ. ಅವಳೇ ಬಡಿಸಿದಳು. ಉಳಿದವರನ್ನೆಲ್ಲ ಬಿಟ್ಟು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಅನ್ನ ಕಲಸುವುದನ್ನೂ ತುತ್ತು ಬಾಯಿಗಿಡುವುದನ್ನೂ ನೋಡಿದಳು. ಅತ್ತೂ ಅತ್ತೂ ನನ್ನ ಮೂಗು ಗಾರೆ ಹಾಕಿದಂತೆ ಕಟ್ಟಿತ್ತು. ಸಾರು ಬಿಸಿನೀರಿನಂತಿತ್ತು.

‘ರುಚಿ?’ ಎಂದಳು.

‘ಇದೆ,’ ಎಂದೆ.